ಅಮಾಸಿಗೆ ಎರಡು ಹನಿ ಎಣ್ಣಿ

ಕಾರ್ಬೋರೇಟರ್ ಬಿಚ್ಚಿ ಸ್ವಚ್ಛ ಮಾಡಿಕೊಟ್ಟ ಮರುದಿನಾನೇ ಗಾಡಿ ಹಾದಿ ಮ್ಯಾಲ ನಿಂತ್ರ, ಆ ಮೆಕ್ಯಾನಿಕ್ ತನ್ನ ಮುಖ ಎಲ್ಲಿ ಇಟ್ಕೋಬೇಕ್ರಿ? ಬುಧವಾರ ಸಂಜೀಕ ನಾನು ಗ್ಯಾರೇಜಿನ ಕಟ್ಟಿ ಮ್ಯಾಲ ಕೂತು ಚಹಾ ಕುಡಿಯಾಕತ್ತಿದ್ದೆ. ವ್ಯಾನಿನ ಅಕ್ಕಾರ ಫೋನ್ ಬಂತು. ಹಳ್ಳದ ತಿರುವಿನ್ಯಾಗ ಇಂಜಿನ್ ಬಂದ್ ಬಿದ್ದದ, ಮೂರು ಸಲ ಚಾಲೂ ಮಾಡಿದ್ರ ಮೂರು ಸಲಾನೂ ಬಂದಾತು, ಹುಡ್ಗೀರು ಬಿಸಲಾಗ ನಡಕೋತ ಊರಿಗೆ ಹೋದ್ರು ಅಂತ ಹೇಳಿದ್ರು. ಸಿಟ್ಟಿಲ್ಲ, ಬೈಗಳ ಇಲ್ಲ. ಅದೇ ನನಗ ಹೆಚ್ಚು ನಟ್ಟಿತು. ಬೈದಿದ್ರ ನಾನೂ ಒಂದೆರಡು ಮಾತು ಅಂದು ಹಗುರ ಆಗ್ತಿದ್ದೆ.

ನನ್ನ ಗ್ಯಾರೇಜು ಅಫಜಲಪುರದಾಗ ಅದ. ಅಕ್ಕಾರದು ಅತನೂರಿನಿಂದ ಒಳಗ, ಹೊತ್ತಿಗೆ ಸರಿಯಾಗಿ ಬಸ್ ಬರದ ಒಂದು ಸಣ್ಣ ಹಳ್ಳಿ. ಬೌದ್ಧರ ಮನಿತನ. ಮೊದಲ ತೊಗರಿ ಕೊಯ್ಯಾಕ, ಹತ್ತಿ ಬಿಡಸಾಕ ಕೂಲಿ ಹೋಗ್ತಿದ್ದವ್ರು, ಆಮ್ಯಾಲ ಡ್ರೈವಿಂಗ್ ಕಲ್ತು, ಹಳೇ ಪೆಟ್ರೋಲ್ ವ್ಯಾನ್ ಒಂದು ತಗೊಂಡ್ರು. ಎಂಟು ಮಂದಿ ಹುಡ್ಗೀರನ್ನ ದಿನಾ ಮುಂಜಾನಿ ಅಫಜಲಪುರದ ಪಿಯು ಕಾಲೇಜಿಗೆ ತಂದು ಬಿಡ್ತಾರ, ಸಂಜೀಕ ಹೊಳ್ಳಿ ಒಯ್ತಾರ. ಗಂಡಸು ಡ್ರೈವರ್ ಇದ್ದಿದ್ರ ಆ ಹುಡ್ಗೀರನ್ನ ಯಾವ ಮನ್ಯಾವ್ರೂ ಹೊರಗ ಬಿಡ್ತಿದ್ದಿಲ್ಲ. ಸ್ಟೇರಿಂಗ್ ಅಕ್ಕಾರ ಕೈಯಾಗ ಅದ ಅಂತ ಬಿಟ್ಟಾರ. ಹಂಗಾಗಿ ವ್ಯಾನ್ ನಿಂತ್ರ ಕಾಲೇಜೂ ನಿಂತಂಗ.

ಮಂಗಳವಾರ ಅಕ್ಕಾರು ಗಾಡಿ ತಂದಾಗ ತಕರಾರು ಸಣ್ಣದಿತ್ತು. ಎಕ್ಸಿಲರೇಟರ್ ಮ್ಯಾಲಿಂದ ಕಾಲು ತಗದ್ರ ಇಂಜಿನ್ ಒಮ್ಮಿ ಏರ್ತದ, ಒಮ್ಮಿ ಇಳೀತದ, ಒಂದ ಸವನ ನಿಲ್ಲವಲ್ದು ಅಂದ್ರು. ಈ ವ್ಯಾನಿನ ಇಂಜಿನ್ ಮುಂದಿನ ಸೀಟಿನ ಬುಡಕ ಇರ್ತದ. ಸೀಟು ಎತ್ತಿ ನೋಡಿದೆ. ಕಾರ್ಬೋರೇಟರ್ ತುಂಬ ಕಂದು ಬಣ್ಣದ ಅಂಟು ಕೂತಿತ್ತು, ಬೆಲ್ಲದ ಪಾಕ ಒಣಗಿದಂಗ. ಪೆಟ್ರೋಲ್‌ದಾಗ ತೊಳದೆ, ಹೋಗ್ಲಿಲ್ಲ. ಥಿನ್ನರ್ ಹಾಕಿ, ಹಲ್ಲುಜ್ಜೂ ಬ್ರಶ್ಶಿಲೆ ತಿಕ್ಕಿ ತಿಕ್ಕಿ, ಮೂಲಿ ಮೂಲಿ ಕೆರದು ಹೊಳಪು ಬರೂ ಹಂಗ ಮಾಡಿದೆ. ನೋಡ್ರಿ ಅಕ್ಕಾರ, ಹೊಸಾದು ಕಂಡಂಗ ಕಾಣ್ತದ ಅಂತ ಜಂಬಾನೂ ಕೊಚ್ಚಿದೆ. ಚಾಲೂ ಮಾಡಿದ್ರ ಇಂಜಿನ್ ಸ್ವಲ್ಪ ನಡುಗಿತು. ಅದೇನು ದೊಡ್ಡ ಮಾತಲ್ಲ ಬಿಡು ಅಂತ, ಇಂಜಿನ್ನಿನ ಸಾವಕಾಶ ಓಟ ಏರಿಸಿ ಇಳಸೂ ಸ್ಲೋ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ ಕಳಿಸಿಬಿಟ್ಟೆ. ನನ್ನ ಕಿವಿ ಮ್ಯಾಲ ನನಗ ಅಷ್ಟು ಸೊಕ್ಕು ಇತ್ತು.

ಗುರುವಾರ ಮುಂಜಾನಿ ವ್ಯಾನು ಟ್ರ್ಯಾಕ್ಟರಿನ ಹಿಂದ ಹಗ್ಗ ಕಟ್ಟಿಸ್ಕೊಂಡು ಬಂತು. ಟ್ರ್ಯಾಕ್ಟರ್ ನಡಸಾಕತ್ತಿದ್ದವ್ರು ಆ ಹುಡ್ಗೀರೊಳಗ ಒಬ್ಬಾಕಿ ಅಪ್ಪ. ಊರಾಗ ಅವರ ಮಾತಿಗೆ ತೂಕ ಅದ, ಉಳದ ಏಳು ಮನಿಯವ್ರೂ ಅವರನ್ನೇ ಮುಂದ ಮಾಡಿ ಕಳಿಸಿದ್ರು. ಹಗ್ಗ ಬಿಚ್ಚಿ, ಟವೆಲ್ಲಿಲೆ ಮುಖ ಒರಸ್ಕೊಂಡು, ನನ್ನ ಕಡೆ ನೋಡದನ ಅಕ್ಕಾರಿಗೆ ಹೇಳಿದ್ರು:

“ಸೋಮವಾರದಿಂದ ಪ್ರ್ಯಾಕ್ಟಿಕಲ್ ಪರೀಕ್ಷಾ ಅದಾವ ಅಂತ ಹುಡ್ಗೀರು ಅಳಾಕತ್ತಾವ. ಅದಕ್ಕ ಇದೊಂದು ಸಲ ನೋಡ್ತೇವಿ. ಅವತ್ತು ನಾನೂ ವ್ಯಾನಿನ್ಯಾಗ ಕೂಡ್ತೇನಿ. ನಡಕ ಎಲ್ಲೆರ ನಿಂತ್ರ, ಎಂಟೂ ಹುಡ್ಗೀರನ್ನ ಹೊಳ್ಳಿ ಮನಿಗೆ ಕರ್ಕೊಂಡು ಬರ್ತೇನಿ. ಮತ್ತ ಕಾಲೇಜಿನ ಮಾತು ಯಾರೂ ತಗೀಬ್ಯಾಡ್ರಿ.”

ಅಕ್ಕಾರು ಹೂಂ ಅಂದ್ರು. ನಾನು ನಟ್ಟು ಬಿಚ್ಚೂ ಪಾನಾ ಹಿಡಕೊಂಡು ನೆಲಾ ನೋಡ್ಕೋತ ನಿಂತಿದ್ದೆ.

ಟ್ರ್ಯಾಕ್ಟರ್ ಹೋದ ಮ್ಯಾಲ ಮನಸ್ಸು ಇಟ್ಟು ನೋಡಾಕ ಕೂತೆ. ಕಾರ್ಬೋರೇಟರಿನ ಬಾಯಾಗ ಒಂದು ಹಿತ್ತಾಳಿ ಬಿಲ್ಲಿ ಇರ್ತದ, ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದು ಪೆನ್ಸಿಲ್ ದಪ್ಪದ ಒಂದು ಸಳಿ ಮ್ಯಾಲ ಎರಡು ಸ್ಕ್ರೂಲೆ ಕೂತಿರ್ತದ. ಆ ಸಳಿಗೆ ಥ್ರಾಟಲ್ ಸ್ಪಿಂಡಲ್ ಅಂತೇವಿ. ಎಕ್ಸಿಲರೇಟರ್ ತುಳದ್ರ ಕೇಬಲ್ ಜಗ್ತದ, ಸ್ಪಿಂಡಲ್ ತಿರಗ್ತದ, ಬಿಲ್ಲಿ ತೆರದು ಗಾಳಿ ಒಳಗ ಹೋಗ್ತದ. ಕಾಲು ತಗದ್ರ ಬಿಲ್ಲಿ ಮುಚ್ಚಿ, ಇಂಜಿನ್ ಸಾವಕಾಶ ನಡೀಬೇಕು. ಆ ಸ್ಪಿಂಡಲ್ ಬಾಡಿಯ ಎರಡು ತೂತಿನ್ಯಾಗ ತಿರಗ್ತದಲ್ಲ, ಅಲ್ಲಿ ಬೆರಳಿಟ್ಟು ಅಲುಗಾಡಿಸಿದೆ. ಟಕ್ ಟಕ್ ಅಂತು. ತೂತು ಸವದು ಮೊಟ್ಟಿ ಆಕಾರ ಆಗಿತ್ತು. ಆ ಸಂದಿನಿಂದ ಕಳ್ಳ ಗಾಳಿ ಒಳಗ ನುಗ್ಗಾಕತ್ತಿತ್ತು. ಕಾಲು ತಗದಾಗ ಪೆಟ್ರೋಲ್ ಕಡಿಮಿ, ಗಾಳಿ ಹೆಚ್ಚಾಗಿ ಇಂಜಿನ್ ಸಾಯ್ತಿತ್ತು. ತಿರುವಿನ್ಯಾಗ ಕಾಲು ತಗೀಲೇಬೇಕು, ಅದಕ್ಕ ಅಲ್ಲೇ ಬಂದ್ ಬಿದ್ದಿತ್ತು.

ಇಷ್ಟು ದಿನ ಹೆಂಗ ನಡದಿತ್ತು ಮತ್ತ? ಆ ಅಂಟು ಸಂದು ಮುಚ್ಚಿತ್ತು. ನಾನು ತಿಕ್ಕಿ ತಿಕ್ಕಿ ಆ ಬಾಗಲಾನೇ ತೆರದು ಕಳಿಸಿದ್ದೆ.

ಖಾತ್ರಿ ಮಾಡ್ಕೊಳ್ಳಾಕ ಬೆರಳಿಗೆ ಗ್ರೀಸ್ ತಗೊಂಡು ಸ್ಪಿಂಡಲಿನ ಎರಡೂ ತುದಿಗೆ ದಪ್ಪಗ ಮೆತ್ತಿ, ಚಾಲೂ ಮಾಡ್ರಿ ಅಂದೆ. ಅಕ್ಕಾರು ಚಾವಿ ತಿರಗಿಸಿದ್ರು. ಇಂಜಿನ್ ಎರಡು ಸಲ ಕೆಮ್ಮಿ, ಆಮ್ಯಾಲ ಒಂದೇ ಸವನ ನಿಂತ್ಕೊಂತು. ನಡುಗೂದಿಲ್ಲ, ಏರೂದಿಲ್ಲ, ಇಳಿಯೂದಿಲ್ಲ. ಅಕ್ಕಾರ ಮುಖದ ಮ್ಯಾಲ ಎರಡು ದಿನದ ಮ್ಯಾಲ ನಗು ಬಂತು. “ಆತಲ್ರಿ ಅಣ್ಣಾರ, ಸುಮ್ಮನಾತು. ಒಯ್ಲೇನ್ರಿ?” ಅಂದ್ರು.

ಖರೇ ಹೇಳ್ತೇನಿ, ನನ್ನ ಮನಸ್ಸು ಅಲ್ಲಿ ಜಾರಿತ್ತು. ಗ್ರೀಸ್ ಮ್ಯಾಲ ಸೋಮವಾರ ಕಳೀತಿತ್ತು. ಟ್ರ್ಯಾಕ್ಟರಿನ ಯಜಮಾನ್ರು ಕೂತು ನೋಡಿ ಒಪ್ಪಿಬಿಡ್ತಿದ್ರು. ನನ್ನ ಹೆಸರೂ ಉಳೀತಿತ್ತು, ಯಾರಿಗೂ ಏನೂ ಗೊತ್ತಾಗ್ತಿದ್ದಿಲ್ಲ. ಆದ್ರ ಗ್ರೀಸ್ ಇಂಜಿನ್ ಕಾವಿಗೆ ಕರಗಿ ಇಳೀತದ. ಸೋಮವಾರ ಅಲ್ಲ ಅಂದ್ರ ಬುಧವಾರ, ಅದೇ ಹಳ್ಳದಾಗ, ಅದೇ ಹುಡ್ಗೀರು. ಅವರು ಬಿಸಲಾಗ ಪುಸ್ತಕ ಎದಿಗೆ ಹಿಡಕೊಂಡು ನಡದಿದ್ದು ನನ್ನ ಕಣ್ಣಿಗೆ ಕಟ್ಟಿತು. ಚಾವಿ ತಗದು ನನ್ನ ಅಂಗಿ ಕಿಸೆದಾಗ ಇಟ್ಕೊಂಡೆ. ಸಾಮಾನು ಬದಲಿ ಆಗೂತನಕ ಗಾಡಿ ಬಿಡೂದಿಲ್ಲ, ಸೋಮವಾರ ಸೂರ್ಯಾ ಹುಟ್ಟೂದ್ರೊಳಗ ಕೊಡ್ತೇನಿ ಅಂದೆ. ಹೇಳಿದ್ದೇನೋ ಹೇಳಿದೆ, ಕೊಡಾಕ ಕೈಯಾಗ ಒಂದು ಸ್ಕ್ರೂನೂ ಇದ್ದಿದ್ದಿಲ್ಲ.

ಅವತ್ತು ಮಧ್ಯಾಹ್ನ ಕಲಬುರಗಿಗೆ ಓಡಿದೆ. ಹೊಸಾ ಕಾರ್ಬೋರೇಟರ್ ಒಂದು ಸಿಕ್ತು, ಡಬ್ಬಿ ಚಂದ ಇತ್ತು. ಸಂಜೀಕ ಕೂಡಿಸಿ ಚಾಲೂ ಮಾಡಿದ್ರ ಬಾಯಿಂದ ಪೆಟ್ರೋಲ್ ಉಕ್ಕಿ ಹರೀತು. ಬಿಚ್ಚಿ ನೋಡ್ತೇನಿ, ಪೆಟ್ರೋಲ್ ತಡಿಯೂ ಸೂಜಿ ಸರಿ ಕೂತಿಲ್ಲ, ಮ್ಯಾಲ ಹೊಸಾದರ ಸ್ಪಿಂಡಲ್ಲೂ ಅಲುಗಾಡಾಕತ್ತದ. ಹಳೇದು ವರ್ಷಾನುಗಟ್ಟಲೆ ತಿರುಗಿ ಸವದಿತ್ತು, ಇದು ಹುಟ್ಟಿದಾಗಿನಿಂದಾನೇ ಸವದಿತ್ತು. ಡೂಪ್ಲಿಕೇಟ್ ಮಾಲು. ನನ್ನ ಬಾಯಿಂದ ಬಂದ ಬೈಗಳ ಇಲ್ಲಿ ಬರಿಯಾಕ ಬರೂದಿಲ್ಲ.

ಶುಕ್ರವಾರ ಅದನ್ನ ಅಂಗಡಿಗೆ ಹೊಳ್ಳಿ ಒಗದು, ಅಲ್ಲಿಂದ ಜೇವರ್ಗಿ ಬಸ್ ಹತ್ತಿದೆ. ಅಲ್ಲಿ ಗುಜರಿಯವನೊಬ್ಬ ನನ್ನ ಹಳೇ ಗೆಳೆಯ. ಅವನ ಹಿತ್ತಲದಾಗ ಇದೇ ನಮೂನಿ ವ್ಯಾನ್ ಒಂದು ಜಾಲಿ ಗಿಡದ ಬುಡಕ ನಿಂತಿತ್ತು. ಯಡ್ರಾಮಿ ಕಡೆಯವ್ರದಂತ, ಹೆಚ್ಚು ಓಡಿದ್ದಲ್ಲ, ಒಂದೇ ಜಾಗದಾಗ ನಿಂತು ಕೆಟ್ಟಿದ್ದು. ಅದರ ಕಾರ್ಬೋರೇಟರ್ ಬಾಡಿ ಬಿರುಕು ಬಿಟ್ಟಿತ್ತು, ಅಲ್ಯುಮಿನಿಯಂ ಬಿಳಿ ಪುಡಿ ಆಗಿ ಉದರಾಕತ್ತಿತ್ತು. ಆದ್ರ ಸ್ಪಿಂಡಲ್ ನೆಟ್ಟಗ, ಎಲ್ಲೂ ಸವದಿದ್ದಿಲ್ಲ. ಬಾಡಿ ನಮ್ಮದು ಗಟ್ಟಿ, ಸ್ಪಿಂಡಲ್ ಇದರದು ಗಟ್ಟಿ. ಎರಡೂ ಕೂಡಿದ್ರ ಒಂದು ಜೀವ ಆಗ್ತಿತ್ತು.

ಬಿಲ್ಲಿ ಹಿಡದ ಆ ಎರಡು ಸ್ಕ್ರೂ ಬಿಚ್ಚೂದು ಅವಸರದ ಕೆಲಸ ಅಲ್ಲ. ಸ್ಕ್ರೂ ಸಡಲಾಗಿ ಇಂಜಿನ್ನಿನೊಳಗ ಬೀಳಬಾರ್ದು ಅಂತ ಕಂಪನಿಯವ್ರು ಅದರ ತುದಿ ಬಡದು ಅಗಲ ಮಾಡಿರ್ತಾರ. ಹಂಗೇ ತಿರುವಿದ್ರ ಸ್ಕ್ರೂ ಮುರೀತದ, ಸ್ಪಿಂಡಲ್ ಕೆಡ್ತದ. ಗುಜರಿ ಗೆಳೆಯ, ಕೊಡಪಾ, ಒಂದು ನಿಮಿಷದಾಗ ತಿರುವಿ ಕೊಡ್ತೇನಿ ಅಂದ. ನಾನು ಕೈ ಮುಟ್ಟಿಸಿಕೊಡಲಿಲ್ಲ. ಸಣ್ಣ ಕಾನಸು ತಗೊಂಡು, ಕಲ್ಲಿನ ಮ್ಯಾಲ ಕೂತು, ಆ ಅಗಲ ತುದಿ ಅರದು ಅರದು ತಗದೆ. ಬಿಸಲು ನೆತ್ತಿಗೆ ಬಂದಿತ್ತು. ಎರಡೂ ಸ್ಕ್ರೂ ಮುರೀದನ ಬಂದ್ವು. ಅವತ್ತಿನ ಮಟ್ಟಿಗೆ ಅಷ್ಟು ಸಾಕಾತು ನನಗ.

ಇನ್ನು ಬಾಡಿಯ ಸವದ ತೂತು. ಅದನ್ನ ದೊಡ್ಡದು ಮಾಡಿ, ಒಳಗ ಹಿತ್ತಾಳಿ ಬುಶ್ ಅಂದ್ರ ಸಣ್ಣ ಉಂಗುರದಂಥಾ ನಳಿಗಿ ಕೂಡಿಸಬೇಕು. ಶನಿವಾರ ಆಳಂದಕ್ಕ ಹೊಂಟೆ. ಜಿಡಗಾ ಮಠಕ್ಕ ಹೊಂಟ ಮಂದಿಯಿಂದ ಬಸ್ ತುಂಬಿತ್ತು. ಕಾರ್ಬೋರೇಟರ್ ಟವೆಲ್ಲಿನ್ಯಾಗ ಸುತ್ತಿ ಎದಿಗೆ ಅವಚ್ಕೊಂಡು ನಿಂತೆ. ಬಾಜೂಕ ಕೂತ ಒಬ್ಬ ಮುದುಕಿ, ಕೂಸು ಭಾರ ಆಗಿದ್ರ ನನ್ನ ತೊಡಿ ಮ್ಯಾಲ ಕೊಡಪಾ ಅಂದ್ಳು. ಕೂಸಲ್ಲಬೇ ಅಂತ ಟವೆಲ್ ಸರಿಸಿ ತೋರಿಸಿದೆ. ಆಕಿ ನೋಡಿ ನಕ್ಕು, ಇರಲಿ ಕೊಡು ಅಂತ ಅದನ್ನೂ ತೊಡಿ ಮ್ಯಾಲ ಇಟ್ಕೊಂಡ್ಳು.

ಆಳಂದದಾಗ ಒಬ್ಬ ಚಾಚಾ ಇದ್ದಾರ, ಲೇತ್ ಮಶೀನ್ ಮ್ಯಾಲ ಕೆಲಸ. ದಾಲ್ ಮಿಲ್ಲಿನ ಶಾಫ್ಟು, ಎಣ್ಣಿ ಗಾಣದ ಶಾಫ್ಟು ಸುತ್ತಲಿನ ಊರವ್ರೆಲ್ಲ ಅವರ ಹಂತೇಕೇ ತರ್ತಾರ. ನಾನು ಹೋಗಿ, ಕೈ ಡ್ರಿಲ್ಲಿಲೆ ತೂತು ನಾನೇ ದೊಡ್ಡದು ಮಾಡ್ತಿದ್ದೆ ಚಾಚಾ, ಬುಶ್ ಅಷ್ಟೇ ಸಾಕಿತ್ತು ಅಂದೆ. ಅವರು ಚಷ್ಮಾದ ಮ್ಯಾಲಿಂದ ನೋಡಿ, ಮಾಡು ಮತ್ತ, ಇಲ್ಲಿ ತನಕ ಯಾಕ ಬಂದಿ ಅಂದ್ರು. ಆಮ್ಯಾಲ ಕೂಡಿಸ್ಕೊಂಡು ಹೇಳಿದ್ರು. ಎರಡೂ ತೂತು ಒಂದೇ ಗೆರಿಯೊಳಗ ಇರಬೇಕು, ಇಲ್ಲಂದ್ರ ಸ್ಪಿಂಡಲ್ ತಿರಗದಂಗ ಬಿಗಿ ಹಿಡೀತದ. ತೂತು ಒಂದು ಮಗ್ಗಲಿಗೆ ಸವದದ, ಡ್ರಿಲ್ ಹಾಕಿದ್ರ ಆ ಮಗ್ಗಲಿಗೇ ಜಾರ್ತದ. ಅದರ ಬಾಜೂಕೇ ಪೆಟ್ರೋಲ್ ಹಾಯೂ ಸ್ಲೋ ಜೆಟ್ಟಿನ ಸಣ್ಣ ದಾರಿ ಅದ, ಅದು ಒಡೀತೋ ಬಾಡಿ ಗುಜರಿಗೆ. ನಾನು ಕೈ ಕಟ್ಕೊಂಡು ಕೇಳಿದೆ. ಐವತ್ತು ದಾಟಿದ ಮ್ಯಾಲ ಬೈಸ್ಕೊಂಡು ಕಲಿಯೂದು ಒಂದು ನಮೂನಿ ಛಂದನೇ ಇರ್ತದ.

ಕೆಲಸ ಶುರು ಮಾಡೂ ಮುಂಚೆ ಚಾಚಾ ಹಳೇ ಸ್ಪಿಂಡಲ್ ಕೈಯಾಗ ತಗೊಂಡ್ರು. ಅದರ ಸವದ ಗೀರಿನ್ಯಾಗ ಇನ್ನೂ ಸ್ವಲ್ಪ ಕಂದು ಅಂಟು ಉಳದಿತ್ತು. ಉಗರಲೆ ಕೆರದು, ಬೆರಳ ನಡುವ ತಿಕ್ಕಿ, ಮೂಗಿಗೆ ಹಿಡದ್ರು.

“ಇದಕ್ಕ ಏನು ಹಾಕ್ತಿದ್ರಿ?”

ನಾನು ಹೇಳಿದೆ. ನಮ್ಮ ಗ್ಯಾರೇಜಿನ್ಯಾಗ ಪ್ರತಿ ಅಮಾಸಿಗೆ ಗಿರಾಕಿಗಳು ಗಾಡಿ ತಂದು ಪೂಜಿ ಮಾಡಸ್ತಾರ. ಟೆಂಗು, ಲಿಂಬಿಹಣ್ಣು, ಕುಂಕುಮ. ಪೂಜಿ ಆದ ಮ್ಯಾಲ ದೀಪದ ಬಟ್ಟಲದಾಗಿನ ಕುಸುಬಿ ಎಣ್ಣಿ ಬಾಗಲ ಕೀಲಿಗೆ, ಕೇಬಲ್ಲಿಗೆ, ಕಾರ್ಬೋರೇಟರಿನ ಸ್ಪಿಂಡಲಿಗೆ ಎರಡೆರಡು ಹನಿ ಬಿಡ್ತೇನಿ. ನನ್ನ ಉಸ್ತಾದ್ ಮಾಡ್ತಿದ್ರು, ನಾನೂ ಮಾಡ್ಕೋತ ಬಂದೇನಿ.

ಚಾಚಾ ಬೆರಳಿನ ಅಂಟು ಅರಬಿಗೆ ಒರಸಿದ್ರು. ಆಮ್ಯಾಲ ಸಣ್ಣ ದನಿಲೆ ಅಂದ್ರು: “ಕುಸುಬಿ ಎಣ್ಣಿ ಗಾಳಿಗೆ ಒಣಗ್ತದ ಬೇಟಾ. ಮನ್ಯಾಗ ಎಣ್ಣಿ ಡಬ್ಬಿ ಹೊರಗ ಅಂಟಂಟ ಆಗಿರೂದು ನೋಡಿಲ್ಲೇನು? ಆ ಅಂಟಿಗೆ ಎರಿಮಣ್ಣಿನ ಧೂಳು ಕೂಡಿದ್ರ ಏನಾಗ್ತದ? ನೀನು ಎಣ್ಣಿ ಹಾಕಿಲ್ಲ, ವಾಲ್ವ್ ತಿಕ್ಕಿ ಸವಸೂ ಪೇಸ್ಟ್ ಹಾಕಿದಿ.”

ಆ ವ್ಯಾನು ಮೊದಲ ಸಲ ಬಂದಾಗಿನ ಮಾತು ನೆಪ್ಪಾತು. ಅಮಾಸಿ ದಿನ ಬರ್ರಿ ಅಂದಾಗ ಅಕ್ಕಾರು, ನಮ್ಮಲ್ಲಿ ಆ ಪೂಜಿ ಇಲ್ರಿ ಅಣ್ಣಾರ ಅಂತ ಸಮಾಧಾನಲೆ ಹೇಳಿದ್ರು. ಅವರ ಡ್ಯಾಶ್‌ಬೋರ್ಡ್ ಮ್ಯಾಲ ಸಣ್ಣ ಬುದ್ಧನ ಮೂರ್ತಿ ಇತ್ತು. ನಾನೇ ದೊಡ್ಡ ಮನಸ್ಸಿನವನಂಗ, ಟೆಂಗು ಬ್ಯಾಡ, ಲಿಂಬಿಹಣ್ಣು ಬ್ಯಾಡ, ಎಣ್ಣಿನಾದ್ರೂ ಹಾಕ್ತೇನಿ, ಅದು ಮಶೀನಿಗೆ ಒಳ್ಳೇದು ಅಂದಿದ್ದೆ. ಮೂರು ವರ್ಷ ಒಂದು ಅಮಾಸಿ ತಪ್ಪಿಸಿಲ್ಲ. ಬ್ಯಾರೆ ಗಾಡಿಗಿಂತ ಒಂದು ಹನಿ ಹೆಚ್ಚೇ ಹಾಕೇನಿ, ಹುಡ್ಗೀರ ಗಾಡಿ ಅಂತ.

ಚಾಚಾ ಕೆಲಸಕ್ಕ ಎದ್ದರು. ಬಾಡಿ ಲೇತಿಗೆ ಕಟ್ಟಿ, ಸವೀದನ ಉಳದ ಅಂಚು ಹುಡುಕಿ, ಅದರಿಂದ ತೂತಿನ ಮೂಲ ನಡು ಹಿಡದ್ರು. ಅದಕ್ಕೇ ತಾಸು ಹಿಡೀತು. ತೂತು ದೊಡ್ಡದು ಮಾಡೂದು ಹತ್ತು ನಿಮಿಷದ ಕೆಲಸ. ಸ್ಲೋ ಜೆಟ್ಟಿನ ದಾರಿ ಕೂದಲೆಳಿ ಅಂತರದಾಗ ಉಳೀತು. ಹಿತ್ತಾಳಿ ಬುಶ್ ತಿರುವಿ, ಬಿಗಿ ಹಿಡಿಯೂ ವೈಸಿನ್ಯಾಗ ಇಟ್ಟು ಸಾವಕಾಶ ಒತ್ತಿ ಕೂಡಿಸಿದ್ರು. ಕಡೀಕ ತೂತು ನುಣುಪು ಮಾಡೂ ಒಂದು ಉದ್ದನ್ನ ರೀಮರ್ ಎರಡೂ ಬುಶ್ಶಿನೊಳಗಿಂದ ಒಂದೇ ಸಲ ಹಾಯಿಸಿ ಅಳತಿಗೆ ತಂದ್ರು. ಜೇವರ್ಗಿ ಸ್ಪಿಂಡಲ್ ಒಳಗ ಬಿಟ್ಟಾಗ ತನ್ನ ಭಾರಕ್ಕ ತಾನೇ ಮೆಲ್ಲಕ ಜಾರಿ ಕೂತಿತು. ಬೆರಳಿಟ್ಟು ಅಲುಗಾಡಿಸಿದೆ, ಸಪ್ಪಳಿಲ್ಲ. ಚಾಚಾ ಚಷ್ಮಾ ತಗದು, ಇನ್ನ ಮ್ಯಾಲ ದೀಪದ ಎಣ್ಣಿ ದೀಪಕ್ಕೇ ಹಾಕು ಅಂತ ನಕ್ಕು ಕಳಿಸಿದ್ರು.

ಭಾನುವಾರ ಮುಂಜಾನಿ ಅಕ್ಕಾರು ತಾವೇ ಬಂದು ಎದುರಿಗೆ ಡಬ್ಬಿ ಮ್ಯಾಲ ಕೂತ್ರು. ನಾನು ಬಿಲ್ಲಿ ಕೂಡಿಸಿದೆ. ಕಾರ್ಬೋರೇಟರ್ ಎತ್ತಿ ಸೂರ್ಯಾನ ಕಡೆ ಹಿಡದು ನೋಡಿದ್ರ, ಬಿಲ್ಲಿ ಸುತ್ತ ಒಂದು ಮಗ್ಗಲಿಗೆ ದಪ್ಪ ಬೆಳಕು, ಇನ್ನೊಂದು ಮಗ್ಗಲಿಗೆ ಕತ್ತಲಿ. ಬಿಲ್ಲಿಯ ಅಂಚು ಓರೆ ಅರದಿರ್ತಾರ, ಒಂದೇ ದಿಕ್ಕಿಗೆ ಕೂಡ್ತದ. ಬಿಚ್ಚೂ ಮುಂಚೆ ಗುರ್ತು ಹಾಕ್ಕೋಬೇಕಿತ್ತು, ಮರತಿದ್ದೆ. ತಿರುವಿ ಹಾಕಿದೆ. ಈಗ ಸ್ಕ್ರೂ ಬಿಗಿ ಮಾಡಿದ್ರ ಸ್ಪಿಂಡಲ್ ಹಿಡದುಬಿಟ್ತು. ಮತ್ತ ಸ್ಕ್ರೂ ಸಡಲ ಬಿಟ್ಟು, ಬಿಲ್ಲಿ ನಾಕೈದು ಸಲ ಪಟ್ ಪಟ್ ಅಂತ ಮುಚ್ಚಿದೆ. ಅದು ತಾನೇ ತನ್ನ ಜಾಗ ಹುಡುಕ್ಕೊಂತು. ಮುಚ್ಚಿ ಹಿಡಕೊಂಡೇ ಸ್ಕ್ರೂ ಬಿಗಿ ಮಾಡಿ ಸೂರ್ಯಾನ ಕಡೆ ಹಿಡದೆ. ಬಿಲ್ಲಿ ಸುತ್ತ ಕೂದಲೆಳಿಯಂಥಾ ಬೆಳಕು, ಎಲ್ಲಾ ಕಡೆ ಒಂದೇ ಸಮ. ಅಕ್ಕಾರ ಕೈಗೂ ಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ ಭಾಳ ಹೊತ್ತು ನೋಡಿದ್ರು.

ಸ್ಕ್ರೂ ತುದಿ ಬಡದು, ಕಾರ್ಬೋರೇಟರ್ ಇಂಜಿನ್ನಿಗೆ ಕೂಡಿಸಿ, ಕೇಬಲ್ ಹಚ್ಚಿದೆ. ಕಿಸೆದಾಗಿನ ಚಾವಿ ಕೊಟ್ಟೆ, ಅಕ್ಕಾರು ಸೀಟಿನ್ಯಾಗ ಕೂತು ಅದನ್ನ ಹಾಕಿದ್ರು. ತಡೀರಿ, ಮೊದಲ ಒಂದು ಮಾತು ಅದ ಅಂದೆ. ಚಾಲೂ ಆದ ಮ್ಯಾಲ ಹೇಳಿದ್ರ ಖುಷಿಯಾಗ ಅದು ಮುಚ್ಚಿ ಹೋಗ್ತಿತ್ತು, ಅದು ನನಗ ಬ್ಯಾಡಾಗಿತ್ತು. ಕುಸುಬಿ ಎಣ್ಣಿದು, ಅಮಾಸಿದು, ಚಾಚಾ ಅಂದಿದ್ದು, ಎಲ್ಲಾ ಹೇಳಿದೆ. ನಿಮ್ಮ ಗಾಡಿ ಸವಸಿದಾವ ನಾನೇ, ತಪ್ಪಾತ್ರಿ ಅಂದೆ.

ಅಕ್ಕಾರು ಚಾವಿ ಬಿಟ್ಟು ಸ್ಟೇರಿಂಗ್ ಮ್ಯಾಲ ಕೈ ಇಟ್ಕೊಂಡ್ರು.

“ನೀವು ಅಷ್ಟು ಕಾಳಜಿಲೆ ಹಾಕ್ತಿದ್ರಿ, ಬ್ಯಾಡ ಅನ್ನಾಕ ನನಗ ಬಾಯಿ ಬರ್ಲಿಲ್ರಿ ಅಣ್ಣಾರ. ಅನ್ನಬೇಕಿತ್ತು,” ಅಂದ್ರು. ಆಮ್ಯಾಲ ನನ್ನ ಕಡೆ ತಿರುಗಿ, “ಉಳದ ಗಾಡಿಗಳಿಗೂ ಹಾಕೀರಲ್ರಿ? ಅವರಿಗೂ ಹೇಳ್ತೀರಿಲ್ಲೋ?”

ನನಗ ಅದು ಹೊಳದೇ ಇದ್ದಿಲ್ಲ. ಹೇಳ್ತೇನ್ರಿ ಅಂದೆ. ಆಮ್ಯಾಲ ಒಂದೊಂದು ಗಾಡಿ ಕರೆಸಿ, ಅಂಟು ತಗದು, ಸ್ಪಿಂಡಲ್ ಅಲುಗಾಡಿಸಿ ನೋಡಿದೆ. ಒಬ್ಬಿಬ್ರು ನಕ್ಕರು, ಒಬ್ಬ ಬೈದ. ಅದು ಬ್ಯಾರೆ ಕತಿ. ಅವತ್ತು ಅಕ್ಕಾರು ಚಾವಿ ತಿರಗಿಸಿದ್ರು. ಅರ್ಧ ಸುತ್ತಿಗೇ ಇಂಜಿನ್ ಹಿಡಕೊಂತು. ಸ್ಲೋ ಸ್ಕ್ರೂ ಬಿಚ್ಕೋತ ಬಿಚ್ಕೋತ ಹೋದೆ, ಇಂಜಿನ್ ಇಳಕೋತ ಇಳಕೋತ ಬಂದು ಸಣ್ಣ ದನಿಲೆ ನಿಂತ್ಕೊಂತು. ನನ್ನ ಕಣ್ಣು ತುಂಬಿದ್ವು, ಪೆಟ್ರೋಲ್ ಘಾಟು ಅಂತ ಟವೆಲ್ ಹಚ್ಚಿದೆ.

ಸೋಮವಾರ ಮುಂಜಾನಿ ನನಗ ಗ್ಯಾರೇಜಿನ್ಯಾಗ ಕೂಡಾಕ ಆಗ್ಲಿಲ್ಲ. ಪಾನಾದ ಚೀಲ ಮೋಟರ್‌ಸೈಕಲ್ಲಿಗೆ ಕಟ್ಟಿ, ಅತನೂರ ದಾಟಿ ಒಂದು ಬೇವಿನ ಗಿಡದ ಮರಿಗೆ ನಿಂತೆ. ವ್ಯಾನ್ ಹೋತು. ಮುಂದಿನ ಸೀಟಿನ್ಯಾಗ ಟ್ರ್ಯಾಕ್ಟರಿನ ಯಜಮಾನ್ರು, ಹಿಂದ ಎಂಟು ಹುಡ್ಗೀರು. ದೂರ ಬಿಟ್ಟು ಬೆನ್ನ ಹತ್ತಿದೆ. ಹಳ್ಳದ ತಿರುವು ಬಂತು. ವ್ಯಾನ್ ಸಾವಕಾಶ ಆತು. ಇನ್ನೂ ಸಾವಕಾಶ ಆತು. ಆಮ್ಯಾಲ ನಿಂತೇ ಬಿಡ್ತು.

ನಾನು ಗಾಡಿ ಸ್ಟ್ಯಾಂಡಿಗೆ ಹಾಕಿದ್ನೋ ಇಲ್ಲೋ ನೆಪ್ಪಿಲ್ಲ, ಚೀಲ ಹಿಡಕೊಂಡು ಓಡಿದೆ. ಹತ್ರ ಹೋದಾಗ ಒಳಗಿಂದ ಯಜಮಾನ್ರ ಮಾತು ಕೇಳಿಸ್ತು.

“ಬಂದಾತಲ್ಲ ಮತ್ತ?”

“ಬಂದಾಗಿಲ್ರಿ ಕಾಕಾ, ನಾನೇ ನಿಲ್ಲಿಸೇನಿ. ಇಂಜಿನ್ ನಿಮ್ಮ ಸೀಟಿನ ಬುಡಕೇ ಅದ. ಕೈ ಇಟ್ಟು ನೋಡ್ರಿ,” ಅಂದ್ರು ಅಕ್ಕಾರು.

ಅವರು ಸೀಟಿನ ಮ್ಯಾಲ ಅಂಗೈ ಇಟ್ರು. ಹುಡ್ಗೀರು ಹಿಂದಿನಿಂದ ಬಗ್ಗಿ ನೋಡಾಕತ್ತಿದ್ವು. ಇಂಜಿನ್ ನಡದೇ ಇತ್ತು, ಒಂದೇ ಸವನ. ಅಕ್ಕಾರು ತಾವೇ ಬಂದ್ ಮಾಡಿ, ಮತ್ತ ಚಾವಿ ತಿರಗಿಸಿದ್ರು. ಹಿಡಕೊಂತು. ಇನ್ನೊಮ್ಮಿ ಬಂದ್ ಮಾಡಿ ಇನ್ನೊಮ್ಮಿ ತಿರಗಿಸಿದ್ರು. ಮತ್ತ ಹಿಡಕೊಂತು.

ಯಜಮಾನ್ರು ಬಾಗಲ ತೆರದು ಕೆಳಗಿಳದ್ರು. ಚೀಲ ಹಿಡಕೊಂಡು ನಿಂತ ನನ್ನ ನೋಡಿದ್ರು. ಕಿಡಕಿಯೊಳಗ ಬಗ್ಗಿ ಮಗಳಿಗೆ, “ಛಲೋತ್ನಾಗೆ ಬರಿ,” ಅಂದು, ಅಕ್ಕಾರಿಗೆ ಹೋಗ್ರಿ ಅಂತ ಕೈ ಬೀಸಿದ್ರು. ವ್ಯಾನ್ ತಿರುವು ದಾಟಿ ಅಫಜಲಪುರದ ಹಾದಿ ಹಿಡೀತು. ಹುಡ್ಗೀರು ಹಿಂದಿನ ಗಾಜಿನ್ಯಾಗ ಒತ್ತಾಗಿ ನಿಂತು ನಮ್ಮನ್ನ ನೋಡ್ಕೋತ ಹೋದ್ವು.

ಯಜಮಾನ್ರನ್ನ ಊರಿಗೆ ಬಿಡಾಕ ನನ್ನ ಮೋ‌ಟರ್‌ಸೈಕಲ್ ಹಿಂದ ಕೂಡಿಸ್ಕೊಂಡೆ. ಸ್ವಲ್ಪ ದೂರ ಹೋದ ಮ್ಯಾಲ, ನೀವು ಯಾಕ ಬೆನ್ನ ಹತ್ತಿದ್ರಿ ಅಂತ ಕೇಳಿದ್ರು. ನಿಮ್ಮಂಗೇ ನನಗೂ ನಂಬಿಗಿ ಇದ್ದಿದ್ದಿಲ್ರಿ ಅಂದೆ.

“ಈಗ?”

ಚೀಲ ನೋಡ್ರಿ ಅಂದೆ. ಪಾನಾದ ಚೀಲ ಅವರ ತೊಡಿ ಮ್ಯಾಲ ಇತ್ತು, ಅದರ ಬಾಯಿ ಬಿಚ್ಚೇ ಇದ್ದಿಲ್ಲ.